ನಾಲ್ಕನೇ ಸೀಟಿನ ಋಣ

ಮುಂಬಯಿಯ ಲೋಕಲ್ ರೈಲಿನಲ್ಲಿ ಮೂವರು ಕೂರುವ ಬೆಂಚಿನ ಮೇಲೆ ನಾಲ್ಕನೆಯವರಿಗೂ ಒಂದು ಜಾಗವಿರುತ್ತದೆ. ಬೋಗಿ ಕಟ್ಟಿದವರು ಇಟ್ಟ ಜಾಗವಲ್ಲ ಅದು. ಕೂತ ಮೂವರು ಒಂದೊಂದು ಗೇಣು ಸರಿದಾಗ ಹುಟ್ಟುವಂಥದ್ದು. ಅರ್ಧ ಕೂತು ಅರ್ಧ ನಿಂತ ಹಾಗೆ. ಒಂದು ಕಾಲು ಓಡಾಡುವ ದಾರಿಯಲ್ಲೇ ಇರಬೇಕು. ಆದರೂ ಬೆಳಗಿನ ಗದ್ದಲದಲ್ಲಿ ಅದು ಸಿಕ್ಕರೆ ಆ ದಿನ ನಮ್ಮದು ಎಂದೇ ಲೆಕ್ಕ.

ನಾನು ಗದಗ ಕಡೆಯವಳು. ಮನೆ ಡೊಂಬಿವಲಿಯಲ್ಲಿ, ಕೆಲಸ ನವಿ ಮುಂಬಯಿಯ ಐರೋಲಿಯಲ್ಲಿ. ಥಾಣೆಯವರೆಗೆ ಒಂದು ರೈಲು, ಅಲ್ಲಿಳಿದು ಸೇತುವೆ ಹತ್ತಿ ಒಂಬತ್ತು ಅಥವಾ ಹತ್ತನೇ ಪ್ಲಾಟ್‌ಫಾರ್ಮಿಗೆ ಓಡಿ ಇನ್ನೊಂದು ರೈಲು. ಈ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಬಂದು ನಿಂತದ್ದು ಇದೇ ಥಾಣೆಗೆ, 34 ಕಿಲೋಮೀಟರ್ ದೂರ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಇವತ್ತು ನಮ್ಮಂಥವರ ಅನ್ನದ ದಾರಿ ಅದೇ.

ಊರಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ಕಾದಿರುತ್ತದೆ: 'ಅಲ್ಲಿ ಹೆಂಗ ಇರ್ತೀರಿ ನೀವು?' ಕಷ್ಟಗಳನ್ನು ಹೇಳುವುದು ಸುಲಭ, ಕೇಳುವವರಿಗೂ ಅದೇ ರುಚಿ. ಆದರೆ ಬದುಕಿಸುವ ಸಂಗತಿಗಳು ಬೇರೆಯೇ ಇವೆ. ಅವು ಎಷ್ಟು ಸಣ್ಣವೆಂದರೆ ಊರಿನ ಕಟ್ಟೆಯ ಮೇಲೆ ಕೂತು ಹೇಳಲು ಸಂಕೋಚವಾಗುತ್ತದೆ.

ಮಹಿಳಾ ಬೋಗಿಯ ಮಾತು

ಸಂಜೆಯ ಮಹಿಳಾ ಬೋಗಿಯಲ್ಲಿ ಅವರೆಕಾಯಿ ಸುಲಿಯುವವರಿದ್ದಾರೆ, ಮೆಂತ್ಯೆ ಸೊಪ್ಪು ಬಿಡಿಸುವವರಿದ್ದಾರೆ. ಮನೆ ಮುಟ್ಟುವ ಹೊತ್ತಿಗೆ ರಾತ್ರಿಯ ಅಡುಗೆ ಅರ್ಧ ಮುಗಿದಿರುತ್ತದೆ. ಪಕ್ಕದಲ್ಲಿ ಕೂತವರು ಕೇಳದೆಯೇ ಒಂದು ಹಿಡಿ ಸೊಪ್ಪು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಹೆಸರು ಗೊತ್ತಿಲ್ಲ, ಇಳಿಯುವ ನಿಲ್ದಾಣ ಮಾತ್ರ ಗೊತ್ತು. ದಿನವೂ ಜತೆಗೆ ಬರುವ ಗುಂಪುಗಳಲ್ಲಿ ಇನ್ನೊಂದು ಪದ್ಧತಿಯಿದೆ: ಅರ್ಧ ದಾರಿ ಕೂತವರು ಎದ್ದು, ನಿಂತವರಿಗೆ ಜಾಗ ಕೊಡುವುದು. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಮುರಿದರೆ ಮಾತು ಕೇಳಬೇಕಾಗುತ್ತದೆ.

ಡೊಂಬಿವಲಿಯಲ್ಲಿ ಇಳಿದರೆ ಪೋಳಿ-ಭಾಜಿ ಕೇಂದ್ರಗಳು. ದುಡಿದು ದಣಿದ ಮನೆಗಳನ್ನು ನಡೆಸುವುದೇ ಈ ಪುಟ್ಟ ಅಂಗಡಿಗಳು. ಅಲ್ಲಿ ಸಿಗುವ ಜ್ವಾರಿಯ ಭಾಕರಿ ನಮ್ಮ ಜೋಳದ ರೊಟ್ಟಿಯೇ, ಪಿಠಲೆ ನಮ್ಮ ಝುಣಕದ ಅಕ್ಕ. ಬಿಸಿ ರೊಟ್ಟಿಯ ಪೊಟ್ಟಣ ಕೈಯಲ್ಲಿ ಹಿಡಿದು ಮನೆಯತ್ತ ನಡೆಯುವ ಆ ಹತ್ತು ನಿಮಿಷ ಪೂರ್ತಿ ನನ್ನದು.

ಐರೋಲಿಯಲ್ಲಿ ಇನ್ನೊಂದು ಸುಖವಿದೆ. ಚಳಿಗಾಲದಲ್ಲಿ ಥಾಣೆ ಖಾರಿಗೆ ರಾಜಹಂಸಗಳು ಬರುತ್ತವೆ. ಇಳಿತದ ಹೊತ್ತಿಗೆ ಕೆಸರಿನ ಮೇಲೆ ಗುಲಾಬಿ ಬಣ್ಣ ಚೆಲ್ಲಿದಂತೆ ಸಾವಿರಾರು ಹಕ್ಕಿಗಳು. ಈ ಖಾರಿ 2022ರಲ್ಲಿ ರಾಮ್ಸರ್ ಪಟ್ಟಿ ಸೇರಿತು. 2024ರಲ್ಲಿ ನಮ್ಮ ಕಡೆಯ ಮಾಗಡಿ ಕೆರೆಯೂ ಸೇರಿತು. ಅಲ್ಲಿಗೆ ಹಿಮಾಲಯ ದಾಟಿ ಬರುವುದು ಪಟ್ಟೆತಲೆ ಹೆಬ್ಬಾತು. ಊಟದ ಬಿಡುವಿನಲ್ಲಿ ಕಚೇರಿಯ ಮೇಲಂತಸ್ತಿನ ಕಿಟಕಿಗೆ ಹೋಗಿ ಖಾರಿಯ ಕಡೆ ನೋಡುವಾಗ ಊರಿನ ಕೆರೆ ನೆನಪಾಗುತ್ತದೆ. ದುಃಖದಿಂದಲ್ಲ, ಎರಡು ನೀರನ್ನೂ ಕಂಡೆನಲ್ಲ ಎಂಬ ಸಮಾಧಾನದಿಂದ.

ತೃಪ್ತಿ ಎಂದರೆ ಸುಮ್ಮನಿರುವುದಲ್ಲ

ಇಷ್ಟು ಓದಿದವರಿಗೆ ಒಂದು ಅನುಮಾನ ಬರಬಹುದು. ಇದ್ದುದರಲ್ಲೇ ಸುಖಪಡಿ ಎನ್ನುವುದು, ಎಲ್ಲವನ್ನೂ ಸಹಿಸಿಕೊಳ್ಳಿ ಎಂದಂತೆ ಅಲ್ಲವೇ? ನನಗೂ ಈ ಪ್ರಶ್ನೆ ಬಂದಿದೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಎದುರುಬದುರು ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತು ನಿಂತಿದ್ದವರು ಹಳಿಗೆ ಬಿದ್ದರು. ಕಡಿಮೆಯೆಂದರೂ ನಾಲ್ಕು ಜೀವ ಹೋಯಿತು. ಅವರೂ ನಮ್ಮ ಹಾಗೆಯೇ ಡಬ್ಬಿ ಕಟ್ಟಿಕೊಂಡು ಹೊರಟವರು. ಮರುದಿನ ಆ ತಿರುವು ಬಂದಾಗ ನಮ್ಮ ಬೋಗಿ ಮಾತು ನಿಲ್ಲಿಸಿತು. ನಾಲ್ಕನೇ ಸೀಟು ಎಷ್ಟೇ ಪ್ರೀತಿಯದಿದ್ದರೂ ಹೆಚ್ಚಿನ ರೈಲುಗಳು ಬೇಕು ಎಂಬ ಮಾತಿಗೆ ಅದು ಬದಲಿಯಲ್ಲ.

ಆ ವರ್ಷವೂ ದಸರೆ ಬಂತು. ಹಬ್ಬದ ಮುಂಚಿನ ದಿನ ದಿನನಿತ್ಯದ ಪ್ರಯಾಣಿಕರು ಬೋಗಿಗೆ ಚೆಂಡುಹೂವಿನ ಮಾಲೆ ಕಟ್ಟಿ, ಆರತಿ ಎತ್ತಿ, ಸಿಹಿ ಹಂಚುವುದು ಇಲ್ಲಿನ ವಾಡಿಕೆ. ನಮ್ಮಲ್ಲಿ ಖಂಡೇನವಮಿಗೆ ಕುಡಗೋಲು, ಕುಂಟೆಗೆ ಪೂಜೆ ಮಾಡುತ್ತಾರಲ್ಲ, ಹಾಗೆ. ಕುಡಗೋಲು ಬೆಳೆಯನ್ನೂ ಕೊಯ್ಯುತ್ತದೆ, ಕೈಯನ್ನೂ ಕೊಯ್ಯುತ್ತದೆ. ಅದು ಗೊತ್ತಿದ್ದೇ ನಮ್ಮ ಹಿರಿಯರು ಅದಕ್ಕೆ ಕುಂಕುಮ ಇಟ್ಟರು, ಗೊತ್ತಿದ್ದೇ ಎಚ್ಚರದಿಂದ ಹಿಡಿದರು. ಉಪಕಾರವನ್ನು ನೆನೆಯುವುದು ಮತ್ತು ಅಪಾಯವನ್ನು ಮರೆಯದಿರುವುದು, ಎರಡೂ ಒಂದೇ ಕೈಯ ಕೆಲಸ.

ನಮ್ಮ ಮನೆಗಳಲ್ಲಿ 'ಧನ್ಯವಾದ' ಎಂಬ ಮಾತು ಕೇಳಿದ್ದು ಕಡಿಮೆ. ಹಿರಿಯರ ಬಾಯಲ್ಲಿ ಬರುತ್ತಿದ್ದದ್ದು 'ಋಣ'. ಅನ್ನದ ಋಣ, ನೀರಿನ ಋಣ. ಧನ್ಯವಾದ ಹೇಳಿದರೆ ಮುಗಿಯಿತು, ಋಣ ಹಾಗಲ್ಲ. ಅದನ್ನು ಇನ್ನೊಬ್ಬರಿಗಾದರೂ ತೀರಿಸಬೇಕು. ಬೆಳಿಗ್ಗೆ ಯಾರೋ ನಮಗಾಗಿ ಸರಿದ ಒಂದು ಗೇಣನ್ನು ಸಂಜೆ ಮತ್ತೊಬ್ಬರಿಗೆ ಸರಿದೇ ತೀರಿಸುವುದು.

ಹೊರನಾಡಿನಲ್ಲಿ ಎಲ್ಲೇ ಇರಿ, ನಿಮ್ಮ ದಿನದಲ್ಲೂ ಇಂಥ ಲೆಕ್ಕ ಒಂದಿರುತ್ತದೆ. ಮಲಗುವ ಮುಂಚೆ ಒಮ್ಮೆ ತೆಗೆದು ನೋಡಿ. ನನ್ನ ಲೆಕ್ಕ ರಾತ್ರಿ ಎಂಟೂವರೆಯ ಸುಮಾರಿಗೆ ಫೋನಿನಲ್ಲಿ ಮುಗಿಯುತ್ತದೆ. ಮುಂಬ್ರಾದ ಸುದ್ದಿ ಟಿವಿಯಲ್ಲಿ ನೋಡಿದ ದಿನದಿಂದ ಅವ್ವ ತಪ್ಪದೆ ಕೇಳುವುದು ಒಂದೇ ಮಾತು: 'ಮನಿ ಮುಟ್ಟಿದೇನವಾ?'

'ಮುಟ್ಟೀನವಾ' ಎನ್ನುತ್ತೇನೆ. ಆ ಒಂದು ಪದ ಹೇಳಲು ಸಾಧ್ಯವಾದ ದಿನ ಸಾಮಾನ್ಯ ದಿನವಲ್ಲ.