ಉರಿಮೂತ್ರ: ತೊಳೆದರೂ ಬಿಡದ ಕೊಕ್ಕೆ

ಮನೆಯಲ್ಲಿ ಹೆಣ್ಣುಮಗಳೊಬ್ಬಳು ಮೂತ್ರ ಮಾಡುವಾಗ ಉರಿಯುತ್ತದೆ ಎಂದರೆ ಹಿರಿಯರ ತೀರ್ಪು ಒಂದೇ: ‘ಉಷ್ಣ ಆಗಿದೆ, ಎಳನೀರು ಕುಡಿ, ಜೀರಿಗೆ ನೀರು ಕುಡಿ.’ ನೀರು ಕುಡಿಯಲು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಉರಿಯ ಜೊತೆಗೆ ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕೆನ್ನಿಸುವುದು, ಹೋದರೆ ನಾಲ್ಕೇ ಹನಿ ಬರುವುದು, ಕಿಬ್ಬೊಟ್ಟೆ ನೋಯುವುದು ಇವೂ ಸೇರಿದ್ದರೆ ಅದು ಬಹುಮಟ್ಟಿಗೆ ಮೂತ್ರಕೋಶದ ಸೋಂಕು. ಸುಮಾರು ಅರ್ಧದಷ್ಟು ಹೆಂಗಸರು ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆ. ಹೆಂಗಸರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ. ರೋಗಾಣುವಿಗೆ ಅದು ದೂರದ ದಾರಿಯಲ್ಲ.

ನೀವು ಕೇಳಬಹುದು: ದಿನಕ್ಕೆ ಐದಾರು ಬಾರಿ ಮೂತ್ರ ಹರಿದುಹೋಗುವಾಗ ಒಳಹೊಕ್ಕ ರೋಗಾಣುವೂ ಕೊಚ್ಚಿಹೋಗಬೇಕಲ್ಲವೇ? ಎಷ್ಟೋ ಸಲ ಕೊಚ್ಚಿಹೋಗುತ್ತದೆ. ಉಳಿದುಕೊಳ್ಳುವುದು ಹಿಡಿತ ಬಲ್ಲ ರೋಗಾಣು. ಇಂಥ ಸೋಂಕುಗಳಲ್ಲಿ ಬಹುಪಾಲಿಗೆ ಕಾರಣ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಜರ್ಮನಿಯ ಮಕ್ಕಳ ವೈದ್ಯ ಥಿಯೋಡೋರ್ ಎಷೆರಿಷ್ 1885ರಲ್ಲಿ ವಿವರಿಸಿದ ಈ ಜೀವಿ ನಮ್ಮೆಲ್ಲರ ಕರುಳಿನಲ್ಲಿಯೂ ಇದೆ. ಅಲ್ಲಿ ಅದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಕೆಲವು ತಳಿಗಳು ಮೂತ್ರಕೋಶ ಸೇರಿದಾಗಲೇ ಕಾಟ ಶುರು.

ಈ ಬ್ಯಾಕ್ಟೀರಿಯಾದ ಮೈಮೇಲೆ ಕೂದಲಿನಂಥ ಸಣ್ಣ ಸಣ್ಣ ತಂತುಗಳಿರುತ್ತವೆ. ಒಂದೊಂದರ ಉದ್ದ ಒಂದೆರಡು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು. ತಂತುವಿನ ತುದಿಯಲ್ಲಿ ಫಿಮ್-ಎಚ್ ಎಂಬ ಪ್ರೋಟೀನಿನ ಕೊಕ್ಕೆ. ಮೂತ್ರಕೋಶದ ಒಳಗೋಡೆಯ ಜೀವಕೋಶಗಳ ಮೇಲೆ ಮ್ಯಾನೋಸ್ ಎಂಬ ಸಕ್ಕರೆಯ ಅಂಶವಿದೆ. ಕೊಕ್ಕೆ ಹಿಡಿಯುವುದು ಆ ಸಕ್ಕರೆಯನ್ನೇ.

ಕೊಕ್ಕೆ ತಯಾರಾಗುವುದು ಬ್ಯಾಕ್ಟೀರಿಯಾದ ಒಳಗೆ, ಬೇಕಾಗಿರುವುದು ಹೊರಗೆ. ನಡುವೆ ಎರಡು ಪೊರೆಗಳಿವೆ. ಒಳಪೊರೆ ದಾಟಿಸಲು ಜೀವಕೋಶದ ಇಂಧನ ಒದಗುತ್ತದೆ. ಹೊರಪೊರೆಯ ಬಳಿ ಆ ಇಂಧನವೇ ಇಲ್ಲ! ಅಲ್ಲಿ ಬ್ಯಾಕ್ಟೀರಿಯಾ ಮಾಡಿಕೊಂಡಿರುವ ಏರ್ಪಾಡು ನಿಜಕ್ಕೂ ಸ್ವಾರಸ್ಯವಾದದ್ದು.

ತಂತುವೆಂದರೆ ಸಾವಿರಕ್ಕೂ ಮಿಕ್ಕಿದ ಪ್ರೋಟೀನ್ ಮಣಿಗಳ ಸರ. ಪ್ರತಿ ಮಣಿಯಲ್ಲಿಯೂ ಒಂದು ಸೀಳು. ಸೀಳು ತೆರೆದೇ ಇದ್ದರೆ ಮಣಿಗಳು ಒಂದಕ್ಕೊಂದು ಅಂಟಿ ಗಂಟಾಗಿಬಿಡುತ್ತವೆ. ಆದ್ದರಿಂದ ಎರಡು ಪೊರೆಗಳ ನಡುವೆ ಬೆಂಗಾವಲಿನ ಪ್ರೋಟೀನೊಂದು ತನ್ನದೇ ಒಂದು ಎಳೆಯನ್ನು ಆ ಸೀಳಿಗೆ ತೂರಿಸಿ, ಮಣಿಯನ್ನು ಜೋಪಾನವಾಗಿ ಹೊರಪೊರೆಯ ಬಾಗಿಲಿಗೆ ಕರೆತರುತ್ತದೆ. ಅಲ್ಲಿ ಹಿಂದಿನಿಂದ ಬಂದ ಮಣಿಯ ಬಾಲ ಮುಂದಿನ ಮಣಿಯ ಸೀಳಿಗೆ ನುಗ್ಗಿ, ಬೆಂಗಾವಲಿನ ಎಳೆಯನ್ನು ಹೊರದೂಡಿ, ತಾನು ಇನ್ನೂ ಭದ್ರವಾಗಿ ಕೂರುತ್ತದೆ. ಹೀಗೆ ಭದ್ರವಾಗಿ ಕೂರುವಾಗ ಬಿಡುಗಡೆಯಾಗುವ ಶಕ್ತಿಯೇ ಸರವನ್ನು ಮುಂದೂಡಲು ಸಾಕು. ಕೊಕ್ಕೆಗೆ ಬಾಲವಿಲ್ಲ, ಹಾಗಾಗಿ ಅದು ಸರದ ಮೊದಲ ಮಣಿಯೇ ಆಗಬೇಕು. ಚಕ್ಕುಲಿ ಒರಳಿನಿಂದ ಮೊದಲು ಇಳಿದ ಹಿಟ್ಟು ತುದಿಯಲ್ಲಿಯೇ ಉಳಿಯುವಂತೆ ಕೊಕ್ಕೆಯೂ ತಂತುವಿನ ತುದಿಯಲ್ಲಿ ಉಳಿಯುತ್ತದೆ. ಕೊಕ್ಕೆಯು ಈ ಬಾಗಿಲಿನಲ್ಲಿ ಹಾಯುತ್ತಿರುವ ಭಂಗಿಯ ಸೂಕ್ಷ್ಮ ರಚನೆಯನ್ನು ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು.

ಇನ್ನೊಂದು ಸೋಜಿಗ ಅಮೆರಿಕದ ಸಿಯಾಟಲ್‌ನಲ್ಲಿ 2002ರಲ್ಲಿ ತಿಳಿದುಬಂದದ್ದು. ದ್ರವ ಮೆಲ್ಲಗೆ ಹರಿದಾಗ ಈ ಕೊಕ್ಕೆಯ ಹಿಡಿತ ಸಡಿಲ. ರಭಸವಾಗಿ ಹರಿದಾಗ ಬಿಗಿ. ಎಳೆದಷ್ಟೂ ಬಿಗಿಯುವ ಜೀರುಗುಣಿಕೆಯ ಹಾಗೆ. ಮೂತ್ರದ ರಭಸವೇ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವಂತೆ ಮಾಡುತ್ತದೆ. ಅಂಟಿದ ಕೆಲವು ಬ್ಯಾಕ್ಟೀರಿಯಾ ಗೋಡೆಯ ಜೀವಕೋಶದ ಒಳಗೇ ಹೊಕ್ಕು ಅಡಗುವುದೂ ಉಂಟು. ವಾಸಿಯಾಯಿತೆಂದುಕೊಂಡ ಉರಿ ಕೆಲವರಲ್ಲಿ ಮರುಕಳಿಸುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಮ್ಯಾನೋಸ್ ಸಕ್ಕರೆಯನ್ನೇ ತಿಂದು ಕೊಕ್ಕೆಗೆ ಮೋಸ ಮಾಡಬಾರದೇ? ಉಪಾಯವೇನೋ ಚೆನ್ನಾಗಿದೆ, ಅದರ ಪುಡಿ ಅಂಗಡಿಗಳಲ್ಲಿ ದೊರೆಯುತ್ತದೆ ಕೂಡ. ಪದೇ ಪದೇ ಸೋಂಕಾಗುತ್ತಿದ್ದ ಬ್ರಿಟನ್ನಿನ 598 ಮಹಿಳೆಯರಲ್ಲಿ ನಡೆಸಿ 2024ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ದುಡ್ಡು ಉಳಿಸಿಕೊಳ್ಳಿ. ನಮ್ಮ ಅಜ್ಜಿಯರ ನೀರಿನ ಸಲಹೆಯೇ ಇದಕ್ಕಿಂತ ಮೇಲು. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಸೇವಿಸುತ್ತಿದ್ದ, ಆಗಾಗ ಸೋಂಕಾಗುತ್ತಿದ್ದ 140 ಮಹಿಳೆಯರ ಪೈಕಿ ಅರ್ಧ ಮಂದಿಗೆ ಇನ್ನೂ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷವೊಂದರಲ್ಲಿ ಅವರಿಗೆ ಸರಾಸರಿ 1.7 ಬಾರಿ ಸೋಂಕಾದರೆ ಉಳಿದವರಿಗೆ 3.2 ಬಾರಿ. ಕೊಕ್ಕೆ ಹಾಕುವ ಮುನ್ನವೇ ರೋಗಾಣುವನ್ನು ಹೊರಗಟ್ಟುವುದರಲ್ಲಿ ನೀರಿಗೆ ಪಾತ್ರವಿದೆ. ಕೊಕ್ಕೆ ಬಿದ್ದು ರೋಗ ಬಲಿತ ಮೇಲೆ ನೀರೊಂದನ್ನೇ ನಂಬಿ ಕೂರಬೇಡಿ. (ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ನೀರು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.)

ಶಾಲೆಯ ಶೌಚಾಲಯ ಕೊಳಕೆಂದು ಬೆಳಗಿನಿಂದ ಸಂಜೆಯವರೆಗೂ ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಕೂರುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಬಸ್ ಪ್ರಯಾಣಕ್ಕೆಂದು ಹಾಗೆ ಮಾಡುವ ತಾಯಂದಿರೂ ಕಡಿಮೆಯಿಲ್ಲ. ಇದು ಅವರ ತಪ್ಪೆಂದು ನಾನಂತೂ ಹೇಳಲಾರೆ.

ಹೋದ ಸಲ ಉಳಿದ ನಾಲ್ಕು ಮಾತ್ರೆಯನ್ನೋ ಪಕ್ಕದ ಮನೆಯವರಿಗೆ ಬರೆದುಕೊಟ್ಟ ಆ್ಯಂಟಿಬಯೋಟಿಕ್‌ ಅನ್ನೋ ನುಂಗಬೇಡಿ. ಔಷಧಿಗೆ ಬಗ್ಗದ ಇ. ಕೋಲೈ ಈಗ ನಮ್ಮ ದೇಶದಲ್ಲಿ ಸಾಮಾನ್ಯ. ಗರ್ಭಿಣಿಯರು, ಮಕ್ಕಳು, ಗಂಡಸರು, ಸಕ್ಕರೆ ಕಾಯಿಲೆಯವರು ಮತ್ತು ಪದೇ ಪದೇ ಸೋಂಕಾಗುವವರಿಗೆ ಮೂತ್ರದ ಕಲ್ಚರ್ ಪರೀಕ್ಷೆ ಬೇಕು. ಅದನ್ನು ಮಾತ್ರೆ ಶುರು ಮಾಡುವ ಮೊದಲೇ ಕೊಡಬೇಕು. ಮೊದಲ ಸ್ವಲ್ಪ ಮೂತ್ರವನ್ನು ಬಿಟ್ಟು, ನಡುವಿನದನ್ನು ಪ್ರಯೋಗಾಲಯದವರು ಕೊಟ್ಟ ಶುದ್ಧ ಡಬ್ಬಿಯಲ್ಲಿ ಹಿಡಿಯಿರಿ. ಮನೆಯ ಹಳೆಯ ಸೀಸೆ ಬೇಡ. ಚಳಿಜ್ವರ, ವಾಂತಿ, ಪಕ್ಕೆಯ ಹಿಂಭಾಗದಲ್ಲಿ ನೋವು ಕಾಣಿಸಿಕೊಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಪುಟ್ಟ ಮಕ್ಕಳಿಗೆ ಉರಿ ಎಂದು ಹೇಳಲು ಬಾರದು. ಅವರಲ್ಲಿ ಕಾರಣ ತಿಳಿಯದ ಜ್ವರವೊಂದೇ ಇದರ ಸುಳಿವಾಗಿರಬಹುದು.