ಮುಷ್ಟಿಯಷ್ಟು ಹಬ್, ಮೂರೂವರೆ ಟನ್ ಜಗ್ಗಾಟ

ದಾವಣಗೆರೆಯ ಸೈಕಲ್ ಶಾಪೊಂದರ ಮುಂದೆ ಹಳೇ ಅಟ್ಲಾಸ್ ಸೈಕಲ್ ತಲೆಕೆಳಗಾಗಿ ನಿಂತಿದ್ದರೆ ಒಂದು ನಿಮಿಷ ನಿಂತು ನೋಡಿ. ಮೆಕ್ಯಾನಿಕ್ ಗಾಲಿಯ ನಡುವಿನ ಹಬ್ ಬಿಚ್ಚಿ ಒಳಗಿನ ಗುಂಡುಗಳನ್ನು ಸೀಮೆಎಣ್ಣೆಯ ಬಟ್ಟಲಿಗೆ ಸುರಿಯುತ್ತಾನೆ. ಮುಂದಿನ ಗಾಲಿಯಿಂದ 20, ಹಿಂದಿನದರಿಂದ 18, ಒಟ್ಟು 38. ಎಲ್ಲವನ್ನೂ ತಕ್ಕಡಿಗೆ ಹಾಕಿದರೆ 28 ಗ್ರಾಂ! ಇನ್ನು ಆ ಸೈಕಲ್ಲಿನ ಮೇಲೆ ಕೂರುವುದನ್ನು ಲೆಕ್ಕ ಹಾಕಿ. ಸವಾರ, ಹಿಂದೆ ಅರ್ಧ ಚೀಲ ಅಕ್ಕಿ, ಮುಂದೆ ಬಾರಿನ ಮೇಲೆ ಮಗ, ಸೈಕಲ್ಲಿನ ಸ್ವಂತ ತೂಕ ಎಲ್ಲ ಸೇರಿ 140 ಕಿಲೋ. ಅಂದರೆ ಆ ಗುಂಡುಗಳು ಹೊರುವುದು ತಮ್ಮ ತೂಕದ 5,000 ಪಟ್ಟು. ಆನೆಯೊಂದು ಇದೇ ಪ್ರಮಾಣದಲ್ಲಿ ಹೊರೆ ಹೊತ್ತರೆ ಅದರ ಬೆನ್ನ ಮೇಲೆ 5,000 ಆನೆಗಳು ನಿಲ್ಲಬೇಕು. 2023ರ ಗಣತಿಯ ಪ್ರಕಾರ ಇಡೀ ಕರ್ನಾಟಕದ ಕಾಡುಗಳಲ್ಲಿರುವುದೇ 6,395.

ಇಷ್ಟು ಹೊತ್ತು ಸುಮ್ಮನೆ ನಿಲ್ಲುವುದಲ್ಲ, ತಿರುಗಬೇಕು. ದಾವಣಗೆರೆಯಿಂದ ಹರಿಹರಕ್ಕೆ ಪಿ.ಬಿ. ರಸ್ತೆ ಹಿಡಿದು, ದೊಡ್ಡಬಾತಿ ದಾಟಿ ಹೋದರೆ ಸುಮಾರು 14 ಕಿ.ಮೀ. ಅಷ್ಟರಲ್ಲಿ ಗಾಲಿ 6,300 ಸುತ್ತು ಹೊಡೆದಿರುತ್ತದೆ. ಕಾರ್ಮಿಕನೊಬ್ಬ ವರ್ಷಕ್ಕೆ 300 ದಿನ ಹೀಗೆ ಹೋಗಿಬಂದರೆ ಐದು ವರ್ಷಕ್ಕೆ 42,000 ಕಿ.ಮೀ. ಭೂಮಿಯ ಸುತ್ತಳತೆ 40,075. ಯಾವ ಪಾಸ್‌ಪೋರ್ಟೂ ಇಲ್ಲದೆ, ಹೊಟ್ಟೆಪಾಡಿಗೆಂದು ತುಳಿಯುತ್ತಲೇ ಆತ ಭೂಪ್ರದಕ್ಷಿಣೆ ಮುಗಿಸಿ, ಎರಡನೆಯದಕ್ಕೆ ಹೊರಟಾಗಿರುತ್ತದೆ. ಹಬ್ ಆ ಹೊತ್ತಿಗೆ 1.9 ಕೋಟಿ ಸುತ್ತು ಸುತ್ತಿರುತ್ತದೆ.

ಆ 1.9 ಕೋಟಿ ಸುತ್ತು ಸಲೀಸಾಗಿ ಸಾಗುತ್ತದೋ ಕಿರ್ರೆನ್ನುತ್ತದೋ ಎಂಬುದು ನಿರ್ಧಾರವಾಗುವುದು ಅದೇ ಮೆಕ್ಯಾನಿಕ್ಕನ ಕೈಯಲ್ಲಿ. ಹಬ್ಬಿನ ಬಟ್ಟಲಿನಂಥ ಕಪ್ಪಿನೊಳಗೆ ಗ್ರೀಸ್ ಮೆತ್ತಿ, ಗುಂಡುಗಳನ್ನು ಒಂದೊಂದಾಗಿ ಕೂರಿಸಿ, ಮೇಲೆ ಕೋನ್ ತಿರುಗಿಸುತ್ತಾನೆ. ಕೋನ್ ಒಂದು ಪೂರ್ತಿ ಸುತ್ತು ತಿರುಗಿದರೆ ಒಳಕ್ಕೆ ಸರಿಯುವುದು ಸುಮಾರು 1 ಮಿಲಿಮೀಟರ್. ಆದರೆ ಅವನ ಕೊನೆಯ ತಿರುವು ಪೂರ್ತಿ ಸುತ್ತಲ್ಲ. ಸ್ಪ್ಯಾನರ್ ಅಲುಗಿತೋ ಇಲ್ಲವೋ ಎನ್ನುವಷ್ಟು, ಹತ್ತು ಡಿಗ್ರಿ. ಹತ್ತು ಡಿಗ್ರಿ ಅಂದರೆ 0.03 ಮಿಲಿಮೀಟರಿಗೂ ಕಡಿಮೆ, ತಲೆಗೂದಲಿನ ದಪ್ಪದ ಅರ್ಧವೂ ಇಲ್ಲ! ಮೈಕ್ರೋಮೀಟರ್ ಇಲ್ಲ, ಕನ್ನಡಕವೂ ಇಲ್ಲ. ಆಕ್ಸಲ್ಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಅತ್ತಿತ್ತ ಅಲುಗಿಸಿ, ‘ಹಾಂ, ಆತು ನೋಡ್ರಿ’ ಎನ್ನುತ್ತಾನೆ. ಆಗಿಯೇ ಇರುತ್ತದೆ.

ಹರಿಹರದವರಿಗೆ ಇಂಥ ನಿಖರತೆ ಹೊಸದೇನಲ್ಲ. ಇಲ್ಲಿನ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು 1224ರಲ್ಲಿ. ಆ ಮಂಟಪದ ಕಡೆದ ಕಂಬಗಳನ್ನು ಒಮ್ಮೆ ಸವರಿ ನೋಡಿ. ಅದಾದ 717 ವರ್ಷಕ್ಕೆ, 1941ರಲ್ಲಿ, ಅದೇ ಊರಿಗೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಮಾಡಿದ್ದೇನು? ಲೇತ್, ಅಂದರೆ ಕಡೆಯುವ ಯಂತ್ರ. ಹಬ್ ಎಂಬುದು ಹುಟ್ಟುವುದೇ ಲೇತ್ ಮೇಲೆ.

ಹಬ್ ಒಳಗಿನ ಆ ಗುಂಡು ಎಷ್ಟು ದುಂಡಗಿರುತ್ತದೆ? ಒಳ್ಳೆಯ ಹಬ್‌ಗೆ ಹಾಕುವ 25ನೇ ದರ್ಜೆಯ ಕಾಲು ಇಂಚಿನ ಗುಂಡಿನಲ್ಲಿ ಇರಬಹುದಾದ ಏರುಪೇರು ಒಂದು ಇಂಚಿನ ಹತ್ತು ಲಕ್ಷದಲ್ಲಿ 25 ಪಾಲು. ಈ ಸಂಖ್ಯೆ ತಲೆಗೆ ಹತ್ತುವುದಿಲ್ಲ. ಹೀಗೆ ನೋಡಿ: ಆ ಗುಂಡನ್ನು ಊದಿಸಿ ಊದಿಸಿ ಭೂಮಿಯಷ್ಟು ದೊಡ್ಡದು ಮಾಡಿದರೆ, ಅದರ ಮೇಲಿನ ಅತಿ ದೊಡ್ಡ ಉಬ್ಬು ಒಂದೂಕಾಲು ಕಿ.ಮೀ. ಎತ್ತರವಿರುತ್ತದೆ, ಅಷ್ಟೇ. ಎವರೆಸ್ಟಿನ 8,849 ಮೀಟರ್ ಹಾಗಿರಲಿ, ನಮ್ಮ ಮುಳ್ಳಯ್ಯನಗಿರಿಯ 1,930 ಮೀಟರೂ ತಪಾಸಣೆಯಲ್ಲಿ ಫೇಲ್. ನಂದಿಬೆಟ್ಟದ 1,478 ಮೀಟರನ್ನೂ ಕೆತ್ತಿ ತೆಗೆಯಬೇಕು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆ ಮಾತ್ರ ಪಾಸು. ಭೂಮಿಯನ್ನು ಇದ್ದ ಹಾಗೇ ತಂದುಕೊಟ್ಟರೆ ಹಬ್ ತಯಾರಕರು ವಾಪಸು ಕಳಿಸುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಸಾಧು ಸೈಕಲ್ಲಿನ ಕತೆ. ಇನ್ನು ಬೆಟ್ಟದ ತುದಿಯಿಂದ ಕಲ್ಲು ಬೇರುಗಳ ಮೇಲೆ ಧಡಧಡ ಇಳಿಯುವ ಡೌನ್‌ಹಿಲ್ ಸೈಕಲ್ಲಿಗೆ ಬನ್ನಿ. ಅದರ ಒಂದು ಗಾಲಿಗೆ 32 ಕಡ್ಡಿ. ಪ್ರತಿ ಕಡ್ಡಿಯನ್ನೂ ಸುಮಾರು 110 ಕಿಲೋ ಬಲದಲ್ಲಿ ಬಿಗಿದಿರುತ್ತಾರೆ. ಗುಣಿಸಿ: 3,520 ಕಿಲೋ. ಮೂರೂವರೆ ಟನ್ ಜಗ್ಗಾಟ ಮುಷ್ಟಿಯಲ್ಲಿ ಹಿಡಿಯಬಹುದಾದ, 300 ಗ್ರಾಂ ಆಸುಪಾಸಿನ ಅಲ್ಯೂಮಿನಿಯಂ ತುಂಡಿನ ಮೇಲೆ ಹಗಲೂ ರಾತ್ರಿ! ಸೈಕಲ್ ಗೋಡೆಗೆ ಒರಗಿ ನಿಂತಿದ್ದಾಗಲೂ, ಮಾಲೀಕ ಗೊರಕೆ ಹೊಡೆಯುತ್ತಿದ್ದಾಗಲೂ ಆ ಜಗ್ಗಾಟ ನಿಲ್ಲುವುದಿಲ್ಲ. ಎರಡೂ ಗಾಲಿ ಸೇರಿದರೆ 7 ಟನ್, ಒಂದು ಗಂಡಾನೆ ಮತ್ತು ಒಂದು ಹೆಣ್ಣಾನೆಯ ತೂಕ. ಇಡೀ ಸೈಕಲ್ ತೂಗುವುದು 16 ಕಿಲೋ.

ಒಳಗಿನ ಬೇರಿಂಗಿನ ಪಾಡು ಇನ್ನೂ ಬೇರೆ. ಗುಂಡು ತನ್ನ ಹಾದಿಯನ್ನು ಮುಟ್ಟುವುದು ಸೂಜಿಮೊನೆಯಂಥ ಜಾಗದಲ್ಲಿ. ಬಾಲ್ ಬೇರಿಂಗು ನಿಂತಲ್ಲೇ ಎಷ್ಟು ಭಾರ ತಾಳೀತು ಎಂದು ಲೆಕ್ಕ ಕಟ್ಟುವಾಗ ಅಂತರರಾಷ್ಟ್ರೀಯ ಮಾನದಂಡ ಹಿಡಿಯುವ ಒತ್ತಡ 4,200 ಮೆಗಾಪಾಸ್ಕಲ್. ಚದರ ಸೆಂಟಿಮೀಟರಿಗೆ 42 ಟನ್ನಿಗೂ ಮಿಗಿಲು. ಜಗತ್ತಿನ ಅತಿ ಆಳದ ಮರಿಯಾನಾ ಕಂದಕದ ತಳದಲ್ಲಿ ನೀರಿನ ಒತ್ತಡ ಎಷ್ಟಿದೆಯೋ ಅದರ 38 ಪಟ್ಟು. ಮೈಸೂರು ದಸರೆಯ ಚಿನ್ನದ ಅಂಬಾರಿ 750 ಕಿಲೋ. ಅಂಥ 57 ಅಂಬಾರಿಗಳನ್ನು ಒಂದರ ಮೇಲೊಂದು ಪೇರಿಸಿ ನಿಮ್ಮ ಕಿರುಬೆರಳ ಉಗುರಿನ ಮೇಲೆ ಇಟ್ಟರೆ ಆ ಒತ್ತಡ. ಹಬ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ 6902 ನಂಬರಿನ, ಬರೀ 16 ಗ್ರಾಮಿನ ಬೇರಿಂಗು ಈ ಮಟ್ಟ ಮುಟ್ಟಲು ಅದರ ಮೇಲೆ 220 ಕಿಲೋ ಆಸುಪಾಸು ಬಿದ್ದರೆ ಸಾಕು. ಬಂಡೆಯಿಂದ ಹಾರಿದ ಸವಾರ ಒರಟಾಗಿ ನೆಲಕ್ಕಿಳಿದರೆ ಅದೇನು ದೊಡ್ಡ ಮಾತಲ್ಲ.

ಹಾರುವುದಾದರೂ ಎಷ್ಟು ಎತ್ತರದ ಬೆಟ್ಟದಲ್ಲಿ? ದಾವಣಗೆರೆಯಿಂದ ಹರಿಹರಕ್ಕೂ ಇಳಿಜಾರೇ, ನಂಬಿ: 14 ಕಿ.ಮೀ.ಗೆ ಸುಮಾರು 60 ಮೀಟರ್ ಇಳಿತ. ಯಾರಿಗೂ ಗೊತ್ತೇ ಆಗುವುದಿಲ್ಲ, ಎದುರುಗಾಳಿ ಬಂದರೆ ಏರು ಅನ್ನಿಸುತ್ತದೆ. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಲ್ಲಿ ವಿಶ್ವಕಪ್ ಓಟಗಳು ನಡೆದಿರುವ ಹಾದಿಯ ಉದ್ದ ಬರೀ 2.8 ಕಿ.ಮೀ., ಇಳಿತ 555 ಮೀಟರ್. ನಮ್ಮ ಜೋಗದ 253 ಮೀಟರ್ ಲೆಕ್ಕದಲ್ಲಿ ಎರಡು ಜೋಗ ಹಾರಿದ ಮೇಲೂ ಇನ್ನಷ್ಟು ಉಳಿಯುತ್ತದೆ. ಗೆಲ್ಲುವವರಿಗೆ ಐದು ನಿಮಿಷವೂ ಬೇಡ. ಸಾಲದೇ? ಫ್ರಾನ್ಸಿನ ಮೆಗಾವಲಾಂಶ್ ಓಟ 3,330 ಮೀಟರ್ ಎತ್ತರದ ಹಿಮದ ಮೇಲೆ ಶುರುವಾಗಿ 2,600 ಮೀಟರ್ ಕೆಳಗೆ ಮುಗಿಯುತ್ತದೆ. ಹತ್ತು ಜೋಗ! ಬೊಲಿವಿಯಾದ ಯುಂಗಾಸ್ ‘ಸಾವಿನ ರಸ್ತೆ’ಯಲ್ಲಿ ಸೈಕಲ್ ಹತ್ತಿದವರು 4,650 ಮೀಟರಿನಿಂದ 1,200 ಮೀಟರಿಗೆ ಇಳಿಯುತ್ತಾರೆ. ಹದಿಮೂರೂವರೆ ಜೋಗ, ಅದೂ ಒಂದೇ ದಿನದಲ್ಲಿ.

ವೇಗದ ಮಾತಿಗೆ ಬಂದರೆ ನನಗೆ ನಗು ಬರುತ್ತದೆ, ನಂಬುವುದೇ ಕಷ್ಟ. 2017ರ ಮಾರ್ಚ್ 18ರಂದು ಫ್ರಾನ್ಸಿನ ವಾರ್ಸ್ ಹಿಮಗುಡ್ಡದಲ್ಲಿ ಎರಿಕ್ ಬರೋನ್ ಎಂಬ 56 ವರ್ಷದ ಮನುಷ್ಯ ಸೈಕಲ್ ಮೇಲೆ ಗಂಟೆಗೆ 227.72 ಕಿ.ಮೀ. ವೇಗ ಮುಟ್ಟಿದರು. ಎಂಜಿನ್ ಇಲ್ಲ, ಇಳಿಜಾರು ಮಾತ್ರ. ದಾವಣಗೆರೆಯಲ್ಲಿ ನಿಂತು ಧಾರವಾಡಕ್ಕೆ ಹೋಗುವ ವಂದೇ ಭಾರತ್ ರೈಲನ್ನು ವಿನ್ಯಾಸ ಮಾಡಿರುವುದೇ 180ಕ್ಕೆ. ಬರೋನ್ ಅದೇ ವೇಗದಲ್ಲಿ ಜಯದೇವ ಸರ್ಕಲ್ಲಿನಿಂದ ಹೊರಟಿದ್ದರೆ 3 ನಿಮಿಷ 41 ಸೆಕೆಂಡಿಗೆ ಹರಿಹರದಲ್ಲಿರುತ್ತಿದ್ದರು. ನಮ್ಮ ಬಸ್ಸಿನಲ್ಲಿ ಅಷ್ಟರಲ್ಲಿ ಟಿಕೆಟ್ಟೇ ಹರಿದಿರುವುದಿಲ್ಲ. 26 ಇಂಚಿನ ಗಾಲಿ ಎಂದಿಟ್ಟುಕೊಂಡರೆ ಹಬ್ ಸೆಕೆಂಡಿಗೆ 30 ಸುತ್ತು ತಿರುಗುತ್ತಿತ್ತು.

ಪೆಡಲ್ ನಿಲ್ಲಿಸಿದಾಗ ಹಿಂದಿನ ಹಬ್‌ನಿಂದ ಬರುವ ಟಕಟಕ ಸದ್ದು ಗೊತ್ತಲ್ಲ? ಸ್ವಿಟ್ಜರ್ಲೆಂಡಿನ ಡಿಟಿ ಸ್ವಿಸ್ ಕಂಪನಿಯ 18 ಹಲ್ಲಿನ ಹಬ್ ಸುತ್ತಿಗೆ 18 ಕಡೆ ಕಚ್ಚುತ್ತದೆ. ಅಮೆರಿಕದ ಕ್ರಿಸ್ ಕಿಂಗ್ ಹಬ್ 72 ಕಡೆ. 2019ರಲ್ಲಿ ಬಂದ ಇಂಡಸ್ಟ್ರಿ ನೈನ್‌ನ ಹೈಡ್ರಾ 690 ಕಡೆ! ಪೆಡಲ್ ತುಳಿದಾಗ ಹಬ್ಬಿನ ಹಲ್ಲುಚಕ್ರ ಅರ್ಧ ಡಿಗ್ರಿ ತಿರುಗಿದರೆ ಸಾಕು, ಗಾಲಿ ಹಿಡಿಯುತ್ತದೆ. ಇದನ್ನು ಹಾಕಿದ 29 ಇಂಚಿನ ಗಾಲಿಯನ್ನು ಪೆಡಲ್ ತುಳಿಯದೆ ದಾವಣಗೆರೆಯಿಂದ ಹರಿಹರದವರೆಗೆ ತಳ್ಳಿಕೊಂಡು ಹೋದರೆ 42 ಲಕ್ಷ ಟಕ್. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ 4,34,971. ತಲೆಗೆ ಹತ್ತತ್ತು ಟಕ್ ಹಂಚಬಹುದು, ಹೆಚ್ಚುಕಡಿಮೆ. ಇದೇ ಹಬ್ ಬರೋನ್ ವೇಗದಲ್ಲಿ ತಿರುಗಿದ್ದರೆ ಸೆಕೆಂಡಿಗೆ 20,000ಕ್ಕೂ ಹೆಚ್ಚು ಟಕ್. ಮನುಷ್ಯನ ಕಿವಿಗೆ ಕೇಳುವ ಮಿತಿಯೇ 20,000 ಕಂಪನ. ಅಂದರೆ ಹಬ್ ಕೂಗಿ ಕೂಗಿ ಕೊನೆಗೆ ಕಿವಿಗೇ ಸಿಗದಷ್ಟು ಮೇಲಕ್ಕೆ ಹೋಗುತ್ತಿತ್ತು.

ಈಗ ಎಲ್ಲಕ್ಕಿಂತ ದೊಡ್ಡದು. ಆ 16 ಗ್ರಾಮಿನ 6902 ಬೇರಿಂಗಿನ ಮೇಲೆ 50 ಕಿಲೋ ಭಾರ ಹಾಕಿ, ಕಾರ್ಖಾನೆಯವರ ಆಯುಸ್ಸಿನ ಸೂತ್ರಕ್ಕೆ ಕೊಟ್ಟರೆ ಉತ್ತರ 67 ಕೋಟಿ ಸುತ್ತು. ಗಾಲಿಯ ಲೆಕ್ಕದಲ್ಲಿ 15.5 ಲಕ್ಷ ಕಿ.ಮೀ. ಚಂದ್ರನಿಗೆ ಹೋಗಿ, ಬಂದು, ಮತ್ತೆ ಹೋಗಿ, ಮತ್ತೆ ಬರಬಹುದು. ನೂರು ಬೇರಿಂಗು ಹೊರಟರೆ ತೊಂಬತ್ತು ವಾಪಸು ಬರುತ್ತವೆ ಎನ್ನುತ್ತದೆ ಸೂತ್ರ.

ಕಾಗದದ ಮೇಲೆ, ಅಷ್ಟೇ. ಚಂದ್ರಲೋಕದ ಹಾದಿಯಲ್ಲಿ ಕೆಸರಿಲ್ಲ. ಕೊಂಡಜ್ಜಿ ಗುಡ್ಡದ ಬದಿಯಲ್ಲಿ, ಒಂದು ಮಳೆಯ ನಂತರ, ಕೆಸರಿದೆ. ಎರಡು ಸಲ ಚಂದ್ರನನ್ನು ಕಂಡುಬರಬಹುದಾದ ಬೇರಿಂಗು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಗರಗರ ಅನ್ನತೊಡಗುತ್ತದೆ. ಗಾಲಿ ಹೀಗೆ ಹಾಳಾಗುವುದಕ್ಕೆ ಸರ್ಕಾರ ಕಂಡುಕೊಂಡ ಅತ್ಯುತ್ತಮ ಉಪಾಯ ಹರಿಹರದಿಂದ ತುಂಗಭದ್ರೆಯ ಗುಂಟ ಕೆಳಗೆ ಹೋದರೆ ಹಂಪಿಯಲ್ಲಿದೆ. ಅಲ್ಲಿನ ಕಲ್ಲಿನ ರಥದ ಗಾಲಿಗಳು ಒಂದು ಕಾಲಕ್ಕೆ ತಿರುಗುತ್ತಿದ್ದವು, ಸವೆಯುತ್ತವೆಂದು ಸಿಮೆಂಟ್ ಹಾಕಿ ನಿಲ್ಲಿಸಿದರು. ಸರ್ವಿಸ್ ಖರ್ಚು ಸೊನ್ನೆ.

ನಮ್ಮ ನಿಮ್ಮ ಸೈಕಲ್ಲಿಗೆ ಅದು ಆಗದ ಮಾತು. ಎತ್ತಿನ ಗಾಡಿಯ ಕಾಲದಲ್ಲಿ ಊರು ಬಿಡುವ ಮುಂಚೆ ಕೀಲೆಣ್ಣೆ ಹಚ್ಚದೆ ಯಾರೂ ಹೊರಡುತ್ತಿರಲಿಲ್ಲ. ಹಬ್‌ಗೂ ಬೇಕಾದ್ದು ಅಷ್ಟೇ. ಗಾಲಿಯನ್ನು ಅತ್ತಿತ್ತ ಅಲುಗಿಸಿ ನೋಡಿ, ಸಡಿಲ ಕಂಡರೆ ಶಾಪಿಗೆ ಒಯ್ಯಿರಿ. ಮಳೆಗಾಲ ಮುಗಿದ ಕೂಡಲೇ ಬಿಚ್ಚಿಸಿ ಗ್ರೀಸ್ ಬದಲಿಸಿ. ವಾಟರ್ ಸರ್ವಿಸಿಗೆ ಬಿಟ್ಟಾಗ ಪೈಪಿನ ಬಾಯಿಯನ್ನು ಹಬ್ ಕಡೆಗೆ ಮಾತ್ರ ತಿರುಗಿಸಲು ಬಿಡಬೇಡಿ. ಗ್ರೀಸನ್ನು ಹೊರಗೆ ತಳ್ಳಿ ನೀರನ್ನು ಒಳಗೆ ಕೂರಿಸಲು ಆ ಪೈಪಿಗೆ ಅರ್ಧ ನಿಮಿಷವೂ ಬೇಡ.