ಕರ್ನಾಟಕದಲ್ಲಿ ಸಲಿಂಗಪ್ರೇಮಿ ಪುರುಷರ ಲೈಂಗಿಕ ಆರೋಗ್ಯ

ಸುರಕ್ಷಿತ ಲೈಂಗಿಕತೆ ಎಂಬುದು ಎಚ್.ಐ.ವಿ., ಸಿಫಿಲಿಸ್, ಗೊನೊರಿಯಾ, ಹೆಪಟೈಟಿಸ್ ಬಿ ಮುಂತಾದ ಸೋಂಕುಗಳು ಹರಡುವ ಸಾಧ್ಯತೆಯನ್ನು ತಗ್ಗಿಸುವ ಕ್ರಮಗಳ ಒಟ್ಟು ಹೆಸರು. ತಮ್ಮ ಸಲಿಂಗ ಆಕರ್ಷಣೆಯನ್ನು ಹೊಸದಾಗಿ ಗುರುತಿಸಿಕೊಂಡ ಅಥವಾ ಇತರರಿಗೆ ತಿಳಿಸಿದ ಪುರುಷರಿಗೆ ಈ ಮಾಹಿತಿಯ ಜೊತೆಗೆ ಆಪ್ತ ಸಮಾಲೋಚನೆಯೂ ನೆರವಾಗುತ್ತದೆ.

ಕಾನೂನಿನ ಹಿನ್ನೆಲೆ

2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಡಿ ಅಪರಾಧವಲ್ಲವೆಂದು ತೀರ್ಪು ನೀಡಿತು. ಸಮ್ಮತಿಯ ವಯಸ್ಸು 18 ವರ್ಷ. ಸಲಿಂಗಪ್ರೇಮ ಕಾಯಿಲೆಯಲ್ಲ. ಅದನ್ನು 'ಗುಣಪಡಿಸುವ' ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿ ದುರ್ನಡತೆಯೆಂದು ಘೋಷಿಸಿತು.

ಮುನ್ನೆಚ್ಚರಿಕೆಗಳು

ಗುದ ಸಂಭೋಗದಲ್ಲಿ ಒಳಪದರವು ಸುಲಭವಾಗಿ ಗಾಯಗೊಳ್ಳುವುದರಿಂದ ಎಚ್.ಐ.ವಿ. ಹರಡುವ ಅಪಾಯ ಹೆಚ್ಚು. ಪ್ರತಿ ಬಾರಿಯೂ ಹೊಸ ಕಾಂಡೋಮ್ ಬಳಸಬೇಕು. ಕರಾವಳಿಯ ಮನೆಗಳಲ್ಲಿ ಸುಲಭವಾಗಿ ಸಿಗುವ ತೆಂಗಿನೆಣ್ಣೆಯಾಗಲಿ, ವ್ಯಾಸಲಿನ್ ಆಗಲಿ ಲೇಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸಿ ಹರಿಯುವಂತೆ ಮಾಡುತ್ತವೆ. ಆದ್ದರಿಂದ ನೀರು ಅಥವಾ ಸಿಲಿಕೋನ್ ಆಧಾರಿತ ಜಾರುದ್ರವವನ್ನೇ ಬಳಸಬೇಕು. ಹೆಪಟೈಟಿಸ್ ಬಿ ತಡೆಯಲು ಲಸಿಕೆಯಿದೆ.

ಸೋಂಕಿಲ್ಲದವರು ಮುಂಚಿತವಾಗಿ ಸೇವಿಸುವ ಎಚ್.ಐ.ವಿ. ತಡೆ ಔಷಧಿಗೆ ಪ್ರೆಪ್ ಎನ್ನುತ್ತಾರೆ. ಇದನ್ನು ವೈದ್ಯರ ಸಲಹೆ ಮತ್ತು ನಿಯತ ಪರೀಕ್ಷೆಯೊಂದಿಗೆ ಮಾತ್ರ ಬಳಸಬೇಕು. ಅಪಾಯಕರ ಸಂಪರ್ಕ ನಡೆದ ಬಳಿಕ ಆರಂಭಿಸುವ ಔಷಧಿ ಪೆಪ್. ಇದನ್ನು ಸಾಧ್ಯವಾದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಸಂಕೋಚದಿಂದ ವೈದ್ಯರ ಭೇಟಿಯನ್ನು ಮುಂದೂಡಿದರೆ ಈ ಅವಕಾಶ ಕೈತಪ್ಪುತ್ತದೆ.

ಪರೀಕ್ಷೆ ಮತ್ತು ಗೋಪ್ಯತೆ

ಸರ್ಕಾರಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣಿಸದಿರುವ ಕಾರಣ, ಸಮಾಲೋಚಕರು ಸೂಚಿಸಿದ ಅವಧಿಯ ನಂತರ ಮರುಪರೀಕ್ಷೆ ಮಾಡಿಸಬೇಕು. ಕಡಬ ತಾಲೂಕಿನ ಗುಂಡ್ಯದಂತಹ, ಎಲ್ಲರಿಗೂ ಎಲ್ಲರ ಪರಿಚಯವಿರುವ ಸಣ್ಣ ಊರುಗಳಲ್ಲಿ ಗುರುತು ಸಿಕ್ಕೀತೆಂಬ ಭಯವೇ ಪರೀಕ್ಷೆಗೆ ದೊಡ್ಡ ಅಡ್ಡಿ. ಹತ್ತಿರದ ಕೇಂದ್ರಕ್ಕೇ ಹೋಗಬೇಕೆಂಬ ನಿಯಮವಿಲ್ಲ; ಮಂಗಳೂರು ಅಥವಾ ಬೇರೆ ಊರಿನಲ್ಲಿಯೂ ಪರೀಕ್ಷೆ ಮಾಡಿಸಬಹುದು. 2017ರ ಎಚ್.ಐ.ವಿ. ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆಯು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರಂತೆ ಪರೀಕ್ಷೆಗೆ ವ್ಯಕ್ತಿಯ ಒಪ್ಪಿಗೆ ಬೇಕು, ಫಲಿತಾಂಶವನ್ನು ಗೋಪ್ಯವಾಗಿಡಬೇಕು ಮತ್ತು ಸೋಂಕಿತರಿಗೆ ತಾರತಮ್ಯ ಮಾಡಬಾರದು.

ಸೋಂಕು ದೃಢಪಟ್ಟವರಿಗೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಸೇರಿದಂತೆ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆ ದೊರೆಯುತ್ತದೆ. ಔಷಧಿಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿನ ವೈರಾಣು ಪತ್ತೆಯಾಗದಷ್ಟು ಕಡಿಮೆ ಮಟ್ಟದಲ್ಲಿಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್.ಐ.ವಿ. ಹರಡುವುದಿಲ್ಲ.

ಬೆಂಬಲ

ಬೆಂಗಳೂರಿನಲ್ಲಿ 'ಗುಡ್ ಆಸ್ ಯು' ಬೆಂಬಲ ಗುಂಪು 1994ರಲ್ಲಿಯೂ, 'ಸಂಗಮ' ಸಂಸ್ಥೆ 1999ರಲ್ಲಿಯೂ ಆರಂಭವಾದವು. ಕನ್ನಡ ಸಾಹಿತ್ಯದಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' (2013) ಕಥಾಸಂಕಲನವು ಸಲಿಂಗಪ್ರೇಮಿ ಪುರುಷನ ಬದುಕನ್ನು ಮುಕ್ತವಾಗಿ ಚಿತ್ರಿಸಿತು.

ಮನೆಯವರಿಗೆ ತಿಳಿಸಬೇಕೇ, ಯಾವಾಗ ತಿಳಿಸಬೇಕು ಎಂಬುದು ಆಯಾ ವ್ಯಕ್ತಿಯ ನಿರ್ಧಾರ. ಮನೆಯಿಂದ ಹೊರಹಾಕುವ ಅಥವಾ ಬಲವಂತದ ಮದುವೆಯ ಸಾಧ್ಯತೆಯಿದ್ದರೆ, ಮೊದಲು ನಂಬಿಗಸ್ತ ಸ್ನೇಹಿತರೊಬ್ಬರಿಗೆ ತಿಳಿಸಿ, ವಾಸ ಮತ್ತು ಆದಾಯದ ವ್ಯವಸ್ಥೆ ಮಾಡಿಕೊಳ್ಳುವುದು ಕ್ಷೇಮ. ಎಚ್.ಐ.ವಿ. ಮಾಹಿತಿಗಾಗಿ 1097, ಮಾನಸಿಕ ಆರೋಗ್ಯದ ನೆರವಿಗಾಗಿ ಟೆಲಿ ಮಾನಸ್ 14416 ಉಚಿತ ಸಹಾಯವಾಣಿಗಳಿವೆ.